ಉಳಿದ ಯೂನಿಟ್ ಯಾರದು?

ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ಹಂಚಲಾಗಿದೆ, ಅದರಿಂದ ವರ್ಷಕ್ಕೆ ಸುಮಾರು 4,800 ಕೋಟಿ ಯೂನಿಟ್ ವಿದ್ಯುತ್ ಉಳಿಯುತ್ತಿದೆ ಎಂದು ಕೇಂದ್ರ ಸರ್ಕಾರ ಹೇಳುತ್ತದೆ. ಇವುಗಳಲ್ಲಿ ಮೊದಲನೆಯ ಸಂಖ್ಯೆ ಎಣಿಸಿ ಬಂದದ್ದು, ಎರಡನೆಯದು ಅಂದಾಜಿಸಿ ಬಂದದ್ದು. ಬಳಕೆಯಾಗದೆ ಉಳಿದ ವಿದ್ಯುತ್ತನ್ನು ಯಾವ ಮೀಟರೂ ದಾಖಲಿಸುವುದಿಲ್ಲ. ಹಳೆಯ ಬಲ್ಬು ಇಷ್ಟು ವಾಟ್, ಹೊಸದು ಇಷ್ಟು ವಾಟ್, ದಿನಕ್ಕೆ ಇಷ್ಟು ಗಂಟೆ ಉರಿಯುತ್ತದೆ ಎಂದಿಟ್ಟುಕೊಂಡು ಗುಣಿಸಿದರೆ ಆ 4,800 ಕೋಟಿ ಬರುತ್ತದೆ. ಬಲ್ಬು ಮನೆಗೆ ಬಂದು ಬೀರುವಿನಲ್ಲಿ ಕುಳಿತಿದ್ದರೂ, ಯೋಜನೆ ಬಾರದಿದ್ದರೂ ಆ ಮನೆಯವರು ಅಂಗಡಿಯಿಂದ ಅಂಥದ್ದೇ ಬಲ್ಬು ತರುತ್ತಿದ್ದರೂ ಗುಣಾಕಾರದ ಫಲ ಬದಲಾಗದು.

ಈ ಕಾರಣಕ್ಕೇ ಇಂಧನ ದಕ್ಷತೆಯ ಕಡ್ಡಾಯ ನಿಯಮಗಳಿಂದ, ವಿದ್ಯುತ್ ಕಂಪನಿಗಳು ಕೊಡುವ ರಿಯಾಯಿತಿ ಮತ್ತು ಪ್ರೋತ್ಸಾಹಧನಗಳಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ ಎಂಬ ಪ್ರಶ್ನೆಗೆ ಸುಲಭದ ಉತ್ತರ ಸಿಗುವುದಿಲ್ಲ. ಯೋಜನೆ ನಡೆಸುವವರು ಗುಣಾಕಾರ ತೋರಿಸುತ್ತಾರೆ. ವಿರೋಧಿಸುವವರು ವಿದ್ಯುತ್ ಬೇಡಿಕೆ ವರ್ಷವರ್ಷವೂ ಏರುತ್ತಿರುವುದನ್ನು ತೋರಿಸಿ ಉಳಿತಾಯವೆಲ್ಲಾ ಸುಳ್ಳು ಎನ್ನುತ್ತಾರೆ. ಎರಡೂ ಆತುರದ ಮಾತು. ಯೋಜನೆಗೆ ಕೋಟಿಗಳ ಲೆಕ್ಕದಲ್ಲಿ ಎಷ್ಟು ಸುರಿದರು ಎಂಬುದರ ಮೇಲೆ ಫಲ ನಿಂತಿಲ್ಲ ಎಂಬುದು ನನ್ನ ವಾದ. ಉಳಿದ ಯೂನಿಟ್ಟಿನ ಲಾಭ ಯಾರ ಕೈ ಸೇರುತ್ತದೆ, ಅದನ್ನು ಅಳೆಯುವವರು ಯಾರು ಎಂಬುದರ ಮೇಲೆ ನಿಂತಿದೆ. ಈ ಎರಡಕ್ಕೆ ಕರ್ನಾಟಕ ಇದುವರೆಗೆ ನೇರವಾಗಿ ಉತ್ತರ ಕೊಟ್ಟಿಲ್ಲ.

ಈ ವಿಚಾರವನ್ನು ಮೊದಲು ಗಂಭೀರವಾಗಿ ಯೋಚಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. 1980ರ ದಶಕದ ಕೊನೆಯಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳ ಸಮಿತಿಯೊಂದು 2000ನೇ ಇಸವಿಯ ಹೊತ್ತಿಗೆ ಎಷ್ಟು ವಿದ್ಯುತ್ ಬೇಕಾದೀತೆಂದು ಅಂದಾಜು ಮಾಡಿ, ಅದಕ್ಕಾಗಿ ಹೊಸ ಸ್ಥಾವರಗಳ ದೊಡ್ಡ ಪಟ್ಟಿಯನ್ನೇ ಮುಂದಿಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಆ ಲೆಕ್ಕವನ್ನು ತಿರುಗಿಸಿ ಹಾಕಿದರು. ಜನರಿಗೆ ಬೇಕಿರುವುದು ಬೆಳಕು, ನೀರು, ಬಿಸಿ, ಚಾಲನೆ. ಯೂನಿಟ್ ಅದಕ್ಕೊಂದು ದಾರಿ ಮಾತ್ರ ಎಂದು ಹೊರಟ ಅವರು ಬಲ್ಬು, ಪಂಪು, ಗೀಸರ್‌ಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಸಮಿತಿ ಕೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲೇ, ಅದೂ ರಾಜ್ಯದ ಎಲ್ಲ ಮನೆಗಳಿಗೂ ಬೆಳಕು ಕೊಟ್ಟು, ಕೆಲಸ ನಡೆಯುತ್ತದೆ ಎಂಬುದು ಅವರ ತೀರ್ಮಾನ. 1991ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಇಂದಿಗೂ ಹೊರದೇಶಗಳಲ್ಲಿ ಓದುತ್ತಾರೆ.

ಅದೇ ವರ್ಷ ರೆಡ್ಡಿಯವರು ಬರೆದ ಇನ್ನೊಂದು ಲೇಖನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಉಳಿತಾಯ ಇಷ್ಟು ಅಗ್ಗವಾಗಿದ್ದರೂ ಜನ ಯಾಕೆ ಉಳಿಸುವುದಿಲ್ಲ ಎಂದು ಅವರು ಅದರಲ್ಲಿ ಕೇಳಿಕೊಂಡರು. ಗೊತ್ತಿಲ್ಲದವರಿದ್ದಾರೆ. ಗೊತ್ತಿದ್ದೂ ಮೊದಲ ಖರ್ಚಿಗೆ ಕೈಯಲ್ಲಿ ದುಡ್ಡಿಲ್ಲದವರಿದ್ದಾರೆ. ದುಡ್ಡಿದ್ದೂ ಅದರ ಗೊಡವೆಗೆ ಹೋಗದವರಿದ್ದಾರೆ. ಬೇರೆಯವರು ಕೊಂಡುಕೊಟ್ಟ ಹಳೆಯ ಯಂತ್ರವನ್ನು ನಡೆಸಿಕೊಂಡು ಹೋಗಬೇಕಾದವರೂ ಇದ್ದಾರೆ. ಒಬ್ಬೊಬ್ಬರಿಗೂ ಔಷಧಿ ಬೇರೆ. ಎಲ್ಲರಿಗೂ ಒಂದೇ ಸಹಾಯಧನ ಹಂಚಿದರೆ ಅದು ಯಾರನ್ನು ಮುಟ್ಟಬೇಕೋ ಅವರನ್ನು ಬಿಟ್ಟು ಉಳಿದವರನ್ನೆಲ್ಲ ಮುಟ್ಟುತ್ತದೆ.

ಇದು ಬರಿಯ ತರ್ಕವಲ್ಲ. ಮೆಕ್ಸಿಕೋ ಸರ್ಕಾರ 2009ರಿಂದ ಹಳೆಯ ಫ್ರಿಜ್ ಮತ್ತು ಎಸಿಗಳನ್ನು ಹಿಂದಕ್ಕೆ ಪಡೆದು ಹೊಸದಕ್ಕೆ ಸಹಾಯಧನ ಕೊಟ್ಟಿತು. ಲಕ್ಷಾಂತರ ಮನೆಗಳ ಬಿಲ್ಲುಗಳನ್ನು ಅರ್ಥಶಾಸ್ತ್ರಜ್ಞರು ಮೊದಲು–ನಂತರ ಹೋಲಿಸಿ ನೋಡಿದಾಗ, ಫ್ರಿಜ್ ಬದಲಿಸಿದ ಮನೆಗಳಲ್ಲಿ ಉಳಿದದ್ದು ನಿರೀಕ್ಷೆಯ ಕಾಲು ಭಾಗದಷ್ಟು. ಎಸಿ ಬದಲಿಸಿದ ಮನೆಗಳಲ್ಲಿ ಬಳಕೆ ಏರಿತ್ತು. ಹಳೆಯ ಎಸಿ ಕೆಟ್ಟು ಕೂತಿದ್ದಿರಬಹುದು, ಇಲ್ಲವೇ ಬಿಲ್ಲಿಗೆ ಹೆದರಿ ಹಚ್ಚದೆ ಇದ್ದಿರಬಹುದು; ಹೊಸದು ಬಂದ ಮೇಲೆ ಹೆಚ್ಚು ಹಚ್ಚಿದರು. ಅದೇ ಯೋಜನೆಯ ಮತ್ತೊಂದು ಅಧ್ಯಯನ ಕಂಡುಕೊಂಡಂತೆ ಸಹಾಯಧನ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಅದಿಲ್ಲದಿದ್ದರೂ ಹಳೆಯದನ್ನು ಬದಲಿಸುವವರೇ ಆಗಿದ್ದರು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಬಡವರ ಮನೆಗಳ ಗೋಡೆ, ಚಾವಣಿ, ಕಿಟಕಿಗಳಿಂದ ಬಿಸಿ ಸೋರದಂತೆ ಸರ್ಕಾರದ ಖರ್ಚಿನಲ್ಲೇ ಭದ್ರಪಡಿಸುವ ಯೋಜನೆಯನ್ನು 30,000ಕ್ಕೂ ಹೆಚ್ಚು ಕುಟುಂಬಗಳ ಪ್ರಯೋಗದಲ್ಲಿ ಮೆರೆಡಿತ್ ಫೌಲಿ, ಮೈಕೆಲ್ ಗ್ರೀನ್‌ಸ್ಟೋನ್, ಕ್ಯಾಥರೀನ್ ವುಲ್ಫ್ರಮ್ ಪರೀಕ್ಷಿಸಿದರು. ಎಂಜಿನಿಯರರು ಹೇಳಿದ್ದ ಉಳಿತಾಯ ನಿಜವಾಗಿ ಆದದ್ದರ ಮೂರು ಪಟ್ಟಿಗೂ ಹೆಚ್ಚಿತ್ತು. ಮಾಡಿದ ಖರ್ಚು ಉಳಿದ ಇಂಧನದ ಬೆಲೆಯ ಸುಮಾರು ಎರಡು ಪಟ್ಟಾಗಿತ್ತು.

ಇವನ್ನು ಓದಿ ಯೋಜನೆಗಳೆಲ್ಲ ವ್ಯರ್ಥ ಎಂಬ ತೀರ್ಮಾನಕ್ಕೆ ಬರುವವರಿಗೆ ಅದೇ ಅಮೆರಿಕದ ಫ್ರಿಜ್ ಉತ್ತರ ಹೇಳುತ್ತದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಹೊಸ ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ನುಂಗುತ್ತಿತ್ತು. ಕ್ಯಾಲಿಫೋರ್ನಿಯಾ ಆ ದಶಕದಲ್ಲೇ ಕನಿಷ್ಠ ಮಟ್ಟ ಗೊತ್ತುಮಾಡಿತು, ನಂತರ ಅದು ಇಡೀ ದೇಶದ ಕಾನೂನಾಗಿ ಹಂತ ಹಂತವಾಗಿ ಬಿಗಿಯಾಯಿತು. ಶತಮಾನ ತಿರುಗುವ ಹೊತ್ತಿಗೆ ಫ್ರಿಜ್ ಗಾತ್ರದಲ್ಲಿ ದೊಡ್ಡದಾಗಿಯೂ 500 ಯೂನಿಟ್ ಆಸುಪಾಸಿಗೆ ಇಳಿದಿತ್ತು. ಈ ನಿಯಮ ಕೊಳ್ಳುವವರಿಗೆ ಬುದ್ಧಿ ಹೇಳುವುದರ ಮೇಲಾಗಲಿ, ಸಹಾಯಧನದ ಮೇಲಾಗಲಿ ನಿಂತಿರಲಿಲ್ಲ. ಕಾರ್ಖಾನೆಯ ಬಾಗಿಲಲ್ಲೇ ಕೆಟ್ಟ ವಸ್ತುವನ್ನು ತಡೆದರು. ಗೊತ್ತಿಲ್ಲದವರು, ಗೊಡವೆ ಇಲ್ಲದವರು, ಬಾಡಿಗೆಗಿರುವವರು ಎಲ್ಲರೂ ಅದರ ಒಳಗೆ ಬಂದರು.

ಉಜಾಲಾದ ನಿಜವಾದ ಸಾಧನೆಯೂ ನನ್ನ ದೃಷ್ಟಿಯಲ್ಲಿ 4,800 ಕೋಟಿ ಯೂನಿಟ್ಟಿನ ಆ ಅಂದಾಜಲ್ಲ. 2014ರ ಆರಂಭದಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಒಂದು ಎಲ್‌ಇಡಿ ಬಲ್ಬನ್ನು 310 ರೂಪಾಯಿಗೆ ಖರೀದಿಸುತ್ತಿತ್ತು. 2016ರ ಹೊತ್ತಿಗೆ ಅದೇ ಬೆಲೆ 38 ರೂಪಾಯಿಗೆ ಇಳಿಯಿತು. ಜಗತ್ತಿನಲ್ಲೆಲ್ಲ ಎಲ್‌ಇಡಿ ಅಗ್ಗವಾಗುತ್ತಿದ್ದ ಕಾಲವದು ಎನ್ನುವುದು ನಿಜ. ಆದರೂ ಕೋಟಿಗಟ್ಟಲೆ ಬಲ್ಬಿಗೆ ಒಟ್ಟಿಗೆ ಟೆಂಡರ್ ಕರೆದದ್ದು ಆ ಇಳಿತವನ್ನು ಬೇಗ ತಂದಿತು. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದ ಈ ಯೋಜನೆಯ ಬಲ್ಬಿಗೆ ಜನ ತಮ್ಮ ಕಿಸೆಯಿಂದಲೇ ದುಡ್ಡು ಕೊಟ್ಟರು. ಬಲ್ಬಿಗೆ ಸರ್ಕಾರದ ಸಬ್ಸಿಡಿ ಇರಲಿಲ್ಲ. ಇಂದು ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೂ 60 ವಾಟಿನ ಹಳದಿ ಬಲ್ಬು ಹುಡುಕಿದರೆ ಸಿಗುವುದು ಕಷ್ಟ. ಯೋಜನೆ ನಿಂತರೂ ಈ ಫಲ ನಿಲ್ಲದು.

ಬೆಂಗಳೂರಿನ ಚಾವಣಿಗಳ ಮೇಲೆ ಇನ್ನೊಂದು ಸಾಕ್ಷಿ ಇದೆ. ದೇಶದ ಯಾವ ನಗರದಲ್ಲೂ ಇಲ್ಲದಷ್ಟು ಸೋಲಾರ್ ವಾಟರ್ ಹೀಟರುಗಳು ಇಲ್ಲಿವೆ. ಇದರ ಹಿಂದೆ ಎರಡು ನೀತಿಗಳಿದ್ದವು. ಹೀಟರ್ ಇರುವ ಮನೆಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತಿದ್ದರು. ಮತ್ತೊಂದು, ನಗರದಲ್ಲಿ ಒಂದು ಅಳತೆ ಮೀರಿದ ಹೊಸ ಮನೆಗೆ ಹೀಟರ್ ಹಾಕಿಸದೆ ವಿದ್ಯುತ್ ಸಂಪರ್ಕವಿಲ್ಲ ಎಂಬ 2007ರ ಕಡ್ಡಾಯ. ತಿಂಗಳಿಗೆ 50 ರೂಪಾಯಿ ಸಿಗುತ್ತದೆಂದು ಯಾರೂ ಸಾವಿರಾರು ರೂಪಾಯಿಯ ಹೀಟರ್ ಹಾಕಿಸುವುದಿಲ್ಲ. ಹಾಕಿಸಿದವರಿಗೆ ಅದೊಂದು ಉಡುಗೊರೆಯಾಯಿತು ಅಷ್ಟೆ. ಕೆಲಸ ಮಾಡಿದ್ದು ಕಡ್ಡಾಯ, ಮತ್ತು ಇಲ್ಲಿನ ಕಾರ್ಖಾನೆಗಳು, ಪ್ಲಂಬರುಗಳು, ರಿಪೇರಿಯವರು ಸೇರಿ ಕಟ್ಟಿದ ಮಾರುಕಟ್ಟೆ. ಬೆಳಿಗ್ಗೆ 6ರಿಂದ 9ರವರೆಗೆ ಇಡೀ ನಗರ ಒಮ್ಮೆಗೇ ಎರಡು ಮೂರು ಕಿಲೋವಾಟಿನ ಗೀಸರ್ ಹಚ್ಚುವ ಹೊತ್ತು ಗ್ರಿಡ್ಡಿಗೆ ಎಷ್ಟು ಭಾರವೋ ಲೋಡ್ ಡಿಸ್ಪ್ಯಾಚ್ ಕೇಂದ್ರದವರಿಗೆ ಗೊತ್ತು. ಆ ಹೊರೆಯ ಒಂದು ಪಾಲನ್ನು ಬಿಸಿಲು ಹೊತ್ತಿದೆ. ಸಂಪರ್ಕ ಸಿಗಲೆಂದು ಅಗ್ಗದ ಹೀಟರ್ ತಂದಿಟ್ಟು ಪೈಪು ಜೋಡಿಸದೆ ಬಿಟ್ಟವರೂ ಇದ್ದಾರೆ; ಎರಡನೆಯ ವರ್ಷದ ತಪಾಸಣೆ ಎಂಬುದು ನಿಯಮದಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ.

ಹಳ್ಳಿಯ ಕಡೆ ತಿರುಗಿದರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಕರ್ನಾಟಕ ಮಾರುವ ವಿದ್ಯುತ್ತಿನಲ್ಲಿ ಮೂರನೆಯ ಒಂದು ಭಾಗದಷ್ಟು ಹೋಗುವುದು ನೀರಾವರಿ ಪಂಪ್‌ಸೆಟ್ಟುಗಳಿಗೆ. 10 ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ ಉಚಿತ. ಅದರ ಬೆಲೆಯಾಗಿ ಸರ್ಕಾರ ವಿದ್ಯುತ್ ವಿತರಿಸುವ ಕಂಪನಿಗಳಾದ ಎಸ್ಕಾಂಗಳಿಗೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಟ್ಟುತ್ತದೆ. ಇಷ್ಟು ದೊಡ್ಡ ಬಳಕೆಯಲ್ಲಿ ಪಂಪು ಬದಲಿಸಿದರೆ ಮೂರನೆಯ ಒಂದು ಭಾಗವನ್ನು ಸುಲಭವಾಗಿ ಉಳಿಸಬಹುದೆಂದು ಎಂಜಿನಿಯರರು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ದೊಡ್ಡಬಳ್ಳಾಪುರದಲ್ಲಿ ಬೆಸ್ಕಾಂ, ಮಂಡ್ಯ ಜಿಲ್ಲೆಯಲ್ಲಿ ಮೈಸೂರಿನ ಸೆಸ್ಕ್ ಹಳೆಯ ಪಂಪು ತೆಗೆದು ದಕ್ಷತೆಯ ಸ್ಟಾರ್ ಗುರುತಿನ ಪಂಪುಗಳನ್ನು ರೈತರಿಗೆ ಉಚಿತವಾಗಿ ಇಳಿಸಿಕೊಟ್ಟ ಪ್ರಯೋಗಗಳೂ ನಡೆದವು. ಪ್ರಯೋಗದ ವರದಿ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಪಕ್ಕದ ತಾಲ್ಲೂಕಿಗೆ ತಾನಾಗಿ ಹರಡಿಲ್ಲ. ಏಕೆ ಹರಡಲಿಲ್ಲ ಎಂದು ತಿಳಿಯಲು ರೈತ ನಿಂತ ಜಾಗದಲ್ಲಿ ನಿಂತು ನೋಡಬೇಕು.

ರೈತನಿಗೆ ಥ್ರೀ ಫೇಸ್ ಕರೆಂಟು ಸಿಗುವುದು ದಿನಕ್ಕೆ 7 ಗಂಟೆ, ಅದೂ ಎರಡು ಪಾಳಿಯಲ್ಲಿ, ಕೆಲವೊಮ್ಮೆ ನಡುರಾತ್ರಿ. ಹೀಗಾಗಿ ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾನೆ. ಕರೆಂಟು ಬಂದಾಗ ಮೋಟಾರು ತಾನೇ ಹೊರಡುತ್ತದೆ, ಹೋದಾಗ ನಿಲ್ಲುತ್ತದೆ. ಹೊಸ ಪಂಪು ಬಂದರೂ ಅದೇ 7 ಗಂಟೆ ಓಡುತ್ತದೆ, ಅಷ್ಟೇ ಹೊತ್ತಿನಲ್ಲಿ ಹೆಚ್ಚು ನೀರೆತ್ತುತ್ತದೆ. ಅವನ ಹೊಲಕ್ಕೆ ನೀರಿನದೇ ಬರ, ವಿದ್ಯುತ್ತಿನದಲ್ಲ. ಅವನು ಹೆಚ್ಚು ನೀರು ತೆಗೆದರೆ ಅದನ್ನು ದುಂದು ಎನ್ನುವ ಹಕ್ಕು ನಮಗಿಲ್ಲ. ಆದರೆ ಕೋಲಾರದಂಥ ಕಡೆ, ಕೊಳವೆಬಾವಿಗಳು 1,000 ಅಡಿ ದಾಟಿದ ಮೇಲೆ, ಇವತ್ತು ಹೆಚ್ಚಾಗಿ ಎತ್ತಿದ ನೀರು ನಾಳೆಯ ಮಟ್ಟವನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಅಷ್ಟೇ ನೀರಿಗೆ ಮುಂದಿನ ವರ್ಷ ಇನ್ನೂ ಹೆಚ್ಚು ಕರೆಂಟು ಬೇಕು. ದಕ್ಷ ಪಂಪಿನ ಉಳಿತಾಯವನ್ನು ಬಾವಿಯ ಆಳವೇ ನುಂಗುತ್ತದೆ.

ವೋಲ್ಟೇಜಿನ ಕಥೆ ಬೇರೆ. ಒಂದೇ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಅದರ ಶಕ್ತಿ ಮೀರಿ ಪಂಪುಗಳು ಜೋಡಣೆಯಾಗಿ ವೋಲ್ಟೇಜ್ ಕುಸಿದಾಗ, ಬಿಗಿ ಅಳತೆಯಲ್ಲಿ ತಯಾರಾದ ಸ್ಟಾರ್ ಪಂಪು ಬೇಗ ಸುಡುತ್ತದೆ. ತಾಲ್ಲೂಕು ಕೇಂದ್ರದ ರಿವೈಂಡಿಂಗ್ ಅಂಗಡಿಯವನು ಸುತ್ತಿಕೊಟ್ಟ ಹಳೆಯ ಮೋಟಾರು ಹೆಚ್ಚು ಕರೆಂಟು ತಿನ್ನುತ್ತದೆ, ಆದರೆ ತಡೆದುಕೊಳ್ಳುತ್ತದೆ. ಪೈರು ನೀರಿಗೆ ಕಾದಿರುವಾಗ ಮೋಟಾರು ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವುದೆಂದರೆ ಕೆಲವು ದಿನ, ಕೆಲವು ಸಾವಿರ ರೂಪಾಯಿ, ಒಮ್ಮೊಮ್ಮೆ ಇಡೀ ಬೆಳೆ. ಕರೆಂಟಿಗೆ ದುಡ್ಡು ಕೊಡಬೇಕಿಲ್ಲ, ರಿಪೇರಿಗೆ ಕೊಡಬೇಕು. ಅಂಥವನು ಗಟ್ಟಿ ಮೋಟಾರನ್ನೇ ಆರಿಸಿಕೊಂಡರೆ ಅವನ ಲೆಕ್ಕ ಸರಿಯಾಗಿದೆ. ಪಂಪು ಕೊಡುವ ಮೊದಲು ಲೈನು, ಟಿಸಿ ಸರಿಮಾಡದ ಯೋಜನೆಯೇ ತಪ್ಪಾದದ್ದು.

ಇನ್ನು ಎಸ್ಕಾಂ ಕಡೆಯಿಂದ ನೋಡಿ. ಬಹುಪಾಲು ಪಂಪ್‌ಸೆಟ್ಟುಗಳಿಗೆ ಮೀಟರಿಲ್ಲ, ಇದ್ದರೂ ಓದುವುದಿಲ್ಲ. ಎಲ್ಲ ಪಂಪಿಗೂ ಮೀಟರ್ ಹಾಕಿ ಎಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಆದೇಶಗಳಲ್ಲಿ ಮತ್ತೆ ಮತ್ತೆ ಹೇಳಿದೆ. ರೈತರ ವಿರೋಧ ಒಂದು ಕಾರಣ, ಅದು ಎಲ್ಲರಿಗೂ ಕಾಣುತ್ತದೆ. ಕಾಣದ ಕಾರಣ ಇನ್ನೊಂದಿದೆ. ಅಳೆಯದ ಬಳಕೆಯನ್ನು ಅಂದಾಜಿನಿಂದ ತುಂಬಿಸುವಾಗ, ತಂತಿಯಲ್ಲಿ ಸೋರಿದ್ದೂ ಕದ್ದು ಬಳಸಿದ್ದೂ ರೈತನ ಹೆಸರಿನ ಖಾತೆಗೆ ಜಮೆಯಾಗಬಹುದು, ಅದಕ್ಕೆ ಸರ್ಕಾರದಿಂದ ಸಬ್ಸಿಡಿಯೂ ಬರುತ್ತದೆ. ಮೀಟರ್ ಬಂದರೆ ಆ ಸೋರಿಕೆ ಕಂಪನಿಯ ನಷ್ಟವಾಗಿ ಹೊರಬೀಳುತ್ತದೆ. ಇದು ಅಧಿಕಾರಿಗಳ ನಡತೆಯ ಪ್ರಶ್ನೆಯಲ್ಲ. ಯಾರು ಆ ಕುರ್ಚಿಯಲ್ಲಿ ಕುಳಿತರೂ ಲೆಕ್ಕ ಹಾಗೇ ಕೆಲಸ ಮಾಡುತ್ತದೆ. ಅತ್ತ ಹೆಚ್ಚು ದರ ಕೊಡುವ ಕಾರ್ಖಾನೆ ವಿದ್ಯುತ್ ಉಳಿಸಿದರೆ ಎಸ್ಕಾಂಗೆ ನೇರ ನಷ್ಟ, ಏಕೆಂದರೆ ಉಳಿದವರ ದರವನ್ನು ತಗ್ಗಿಸಿ ಹಿಡಿದಿರುವುದು ಆ ಆದಾಯ. ಇಂಥ ಕಂಪನಿಗೆ ಉಳಿತಾಯದ ಗುರಿ ಕೊಟ್ಟರೆ ಅದು ಬಲ್ಬು ಹಂಚಿ, ಜಾಗೃತಿ ಜಾಥಾ ನಡೆಸಿ ವರದಿ ಕಳುಹಿಸುತ್ತದೆ. ಕ್ಯಾಲಿಫೋರ್ನಿಯಾ 1980ರ ದಶಕದ ಆರಂಭದಲ್ಲೇ ಇದನ್ನು ಕಂಡುಕೊಂಡು, ಕಂಪನಿಯ ಒಪ್ಪಿತ ಆದಾಯವನ್ನು ಮಾರಿದ ಯೂನಿಟ್ಟುಗಳ ಸಂಖ್ಯೆಯಿಂದ ಬಿಡಿಸಿತು. ಹೀಗೆ ಕಡಿಮೆ ಮಾರಿದರೂ ಕಂಪನಿಗೆ ಹೊಡೆತವಿಲ್ಲ ಎಂದಾಯಿತು.

ಮನೆಗಳ ವಿಷಯದಲ್ಲಿ 2023ರ ಜುಲೈಯಿಂದ ಹೊಸ ಪರಿಸ್ಥಿತಿ ಇದೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆ ಬಂದದ್ದನ್ನು ನಾನು ವಿರೋಧಿಸುವುದಿಲ್ಲ. ತಿಂಗಳ ಕೊನೆಗೆ ಬಿಲ್ಲು ನೋಡಿ ಎದೆ ಹೊಡೆದುಕೊಳ್ಳುತ್ತಿದ್ದ ಮನೆಗಳಿಗೆ ಅದು ಕೊಟ್ಟ ನಿರಾಳ ಸಣ್ಣದಲ್ಲ. ನನ್ನ ತಕರಾರು ಅದರ ಸೂತ್ರದ ಬಗ್ಗೆ. 2022–23ರಲ್ಲಿ ಮನೆ ಬಳಸಿದ ತಿಂಗಳ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತದ ಮಿತಿ ಗೊತ್ತುಮಾಡಿದರು. ಆ ವರ್ಷ ಹೆಚ್ಚು ಬಳಸಿದವರಿಗೆ ಹೆಚ್ಚು ಉಚಿತ, ಹಿಡಿದು ಬಳಸಿದವರಿಗೆ ಕಡಿಮೆ. ಮಿತಿಯೊಳಗೆ ಎಷ್ಟು ಉಳಿಸಿದರೂ ಮನೆಗೆ ಬರುವುದು ಏನೂ ಇಲ್ಲ.

ಫ್ಯಾನಿನ ಲೆಕ್ಕ ತೆಗೆದುಕೊಳ್ಳೋಣ. ಸಾಮಾನ್ಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್, ದಕ್ಷ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 250 ದಿನ ಓಡಿದರೆ 112 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಸುಮಾರು 670 ರೂಪಾಯಿ. ಫ್ಯಾನಿಗೆ 1,500 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಎರಡೂಕಾಲು ವರ್ಷದಲ್ಲಿ ವಾಪಸ್ಸು ಬರುತ್ತದೆ. ಆದರೆ ಬಿಲ್ಲೇ ಸೊನ್ನೆ ಇರುವ ಮನೆಗೆ ಆ ವಾಪಸ್ಸಾತಿ ಇಲ್ಲ. ಅವರು ಅಂಗಡಿಯಲ್ಲಿ ಅಗ್ಗದ ಫ್ಯಾನನ್ನೇ ತೋರಿಸಿ ಎನ್ನುತ್ತಾರೆ. ಆ 670 ರೂಪಾಯಿಯನ್ನು ಹತ್ತಾರು ವರ್ಷ ಕಟ್ಟುವುದು ರಾಜ್ಯದ ಖಜಾನೆ. ಇಲ್ಲಿ ಕೈ ಹಿಡಿಯುವುದು ಮತ್ತೆ ವಸ್ತುವಿನ ಮೇಲಿನ ಕಡ್ಡಾಯವೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ. ಅದರ ಕನಿಷ್ಠ ಮಟ್ಟವನ್ನು ಎತ್ತರಿಸುತ್ತ ಹೋದರೆ ಉಚಿತ ವಿದ್ಯುತ್ತಿನ ಮನೆಗೂ ದಕ್ಷ ಫ್ಯಾನೇ ಬರುತ್ತದೆ. ಅದರ ಜೊತೆಗೆ ಎಲ್‌ಇಡಿಗೆ ಮಾಡಿದಂತೆ ಫ್ಯಾನಿಗೂ ಒಟ್ಟು ಖರೀದಿ ನಡೆಯಬೇಕು, ಇಲ್ಲದಿದ್ದರೆ ಏರಿದ ಬೆಲೆ ಬಡವರ ಮೇಲೆ ಬೀಳುತ್ತದೆ.

ಆದರೂ ವಸ್ತುವಿನ ನಿಯಮ ಎಲ್ಲ ಕಡೆ ತಲುಪುವುದಿಲ್ಲ. ಖಾಲಿ ಕೋಣೆಯ ದೀಪ ಆರಿಸುವುದನ್ನು, ಆಟೋ ಸ್ಟಾರ್ಟರ್ ತೆಗೆದಿಡುವುದನ್ನು ಯಾವ ಸ್ಟಾರ್ ಗುರುತೂ ಮಾಡಿಸದು. ಅಲ್ಲಿ ಉಳಿದ ಯೂನಿಟ್ಟಿಗೆ ಬೆಲೆ ಕಟ್ಟಲೇಬೇಕು. ಗೃಹಜ್ಯೋತಿಯಲ್ಲಿ 120 ಯೂನಿಟ್ ಮಿತಿಯ ಮನೆ 90ರಲ್ಲಿ ನಿಭಾಯಿಸಿದರೆ, ಅದೇ 6 ರೂಪಾಯಿಯ ಲೆಕ್ಕದಲ್ಲಿ ಸರ್ಕಾರಕ್ಕೆ ತಿಂಗಳಿಗೆ 180 ರೂಪಾಯಿ ಉಳಿಯಿತು. ಅದರಲ್ಲಿ ಅರ್ಧವನ್ನು ಆ ಮನೆಯ ಖಾತೆಗೆ ಹಾಕಲಿ. ಪಂಜಾಬ್ 2018ರಿಂದ ಪಂಪುಗಳಿಗೆ ಇಂಥದ್ದನ್ನೇ ಮಾಡಿ ನೋಡಿದೆ: ಒಪ್ಪಿದ ರೈತನಿಗೆ ಮೀಟರ್ ಹಾಕಿ, ತಿಂಗಳಿಗೆ ಇಷ್ಟು ಯೂನಿಟ್ ನಿನ್ನದು ಎಂದು ಗೊತ್ತುಮಾಡಿ, ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಕೊಟ್ಟಿತು. ನಮ್ಮಲ್ಲೂ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆ ರೈತರಿಗೆ ಸೋಲಾರ್ ಪಂಪು ಕೊಟ್ಟು, ಹೆಚ್ಚುವರಿ ವಿದ್ಯುತ್ತನ್ನು ಅವರಿಂದಲೇ ಕೊಳ್ಳಲು ಹೊರಟಿತು.

ಉಳಿಸಿದ ಯೂನಿಟ್ಟಿಗೆ ಹಣ ಕೊಡುವುದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಬೀಗ ಹಾಕಿದ ಮನೆಗೂ ದುಡ್ಡು ಹೋಗುತ್ತದೆ. ಮೊದಲೇ ಕಡಿಮೆ ಬಳಸುತ್ತಿದ್ದವನು ಏನೂ ಮಾಡದೆ ಪಡೆಯುತ್ತಾನೆ, ಮೆಕ್ಸಿಕೋದಲ್ಲಿ ಆದಂತೆ. ಗುಜರಾತಿನಲ್ಲಿ ರೈತರಿಗೆ ಉಳಿತಾಯಕ್ಕೆ ಹಣ ಕೊಟ್ಟು ನೋಡಿದ ಕ್ಷೇತ್ರಪ್ರಯೋಗದಲ್ಲಿ ಬಹಳ ಮಂದಿ ಮೀಟರಿಗೆ ಒಪ್ಪಿದರು, ನೀರಿನ ಬಳಕೆ ಮಾತ್ರ ಇಳಿಯಲಿಲ್ಲ. ಬೆಳೆ ತರುವ ಆದಾಯದ ಮುಂದೆ ಯೂನಿಟ್ಟಿನ ನಾಲ್ಕು ಕಾಸು ಸಾಲದು ಎಂಬುದು ಇದರಿಂದ ನನಗೆ ಕಾಣುವ ಪಾಠ. ಬೀಗ ಹಾಕಿದ ಮನೆಯನ್ನು ತಿಂಗಳ ಕನಿಷ್ಠ ಬಳಕೆಯ ಷರತ್ತಿನಿಂದ ಹೊರಗಿಡಬಹುದು. ಏನೂ ಮಾಡದೆ ಪಡೆಯುವ ಮಿತಬಳಕೆಯ ಬಡವನ ಬಗ್ಗೆ ನನಗೆ ಚಿಂತೆಯಿಲ್ಲ. ಗೃಹಜ್ಯೋತಿಯ ಈಗಿನ ಸೂತ್ರ ಹೆಚ್ಚು ಬಳಸಿದವನಿಗೆ ಏನೂ ಮಾಡದೆ ಕೊಡುತ್ತಿರುವುದಕ್ಕಿಂತ ಅದು ನ್ಯಾಯ. ಗುಜರಾತಿನ ಫಲಿತಾಂಶವನ್ನು ಮಾತ್ರ ಹೀಗೆ ದಾಟಿ ಹೋಗಲಾಗದು. ನೀರೇ ಆದಾಯವಾಗಿರುವ ಕಡೆ, ರಾಗಿ, ತೊಗರಿಯಂಥ ಕಡಿಮೆ ನೀರಿನ ಬೆಳೆಗಳಿಗೆ ಖರೀದಿಯ ಭರವಸೆ ಇಲ್ಲದೆ, ಯೂನಿಟ್ಟಿನ ಬಹುಮಾನ ಒಂದೇ ಕೆಲಸ ಮಾಡುವುದಿಲ್ಲ. ವಿದ್ಯುತ್ ಇಲಾಖೆ ಮತ್ತು ಕೃಷಿ ಇಲಾಖೆ ಒಂದೇ ಮೇಜಿಗೆ ಬರಬೇಕಾದ ಜಾಗ ಇದು.

ಪ್ರತಿ ಪಂಪಿಗೂ ಮೀಟರ್ ಎಂದರೆ ಹೋರಾಟವಾಗುತ್ತದೆ, ಹಿಂದೆಯೂ ಆಗಿದೆ. ಮೀಟರಿನ ಹಿಂದೆಯೇ ಬಿಲ್ಲು ಬರುತ್ತದೆಂಬ ರೈತರ ಭಯ ಆಧಾರವಿಲ್ಲದ್ದಲ್ಲ. ಹಾಗಾದರೆ ಟಿಸಿಗೆ ಹಾಕಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪಿನ ಫೀಡರುಗಳನ್ನು ಮನೆಗಳ ಫೀಡರಿನಿಂದ ಬಹಳ ಕಡೆ ಬೇರ್ಪಡಿಸಿಯಾಗಿದೆ, ಅಡಿಪಾಯ ಸಿದ್ಧವಿದೆ. ಒಂದು ಟಿಸಿಯ ಅಡಿಯಲ್ಲಿರುವ ಹತ್ತಿಪ್ಪತ್ತು ರೈತರ ಒಟ್ಟು ಬಳಕೆ ಅಳೆದು, ಉಳಿದದ್ದರ ಬೆಲೆಯನ್ನು ಅವರ ಗುಂಪಿಗೆ ಕೊಡಿ. ಮೊದಲ ಕಂತು ಅದೇ ಟಿಸಿಯ ವೋಲ್ಟೇಜ್ ಸುಧಾರಿಸಲು ಹೋಗಲಿ. ಯೋಜನೆ ಬಂದ ಊರಿನ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಫೀಡರನ್ನು ಯೋಜನೆಯಿಲ್ಲದೆ ಬಿಟ್ಟು ಎರಡನ್ನೂ ಅಳೆಯಿರಿ, ಆಗ ಮಳೆ ಚೆನ್ನಾಗಿ ಬಂದದ್ದಕ್ಕೆ ಇಳಿದ ಬಳಕೆಯನ್ನು ಯಾರೂ ತಮ್ಮ ಸಾಧನೆಯೆಂದು ಬರೆದುಕೊಳ್ಳಲಾಗದು. ಅಳೆಯುವ ಕೆಲಸ ಎಸ್ಕಾಂಗೂ ಪಂಪು ಪೂರೈಸುವ ಗುತ್ತಿಗೆದಾರನಿಗೂ ಸೇರದವರ ಕೈಯಲ್ಲಿರಲಿ. ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಹೋಗಿ ಮಾತನಾಡಬಹುದು. ಮುಂದಿನ ವಿಚಾರಣೆಯಲ್ಲಿ ಎಸ್ಕಾಂಗಳು ಉಳಿತಾಯದ ಅಂಕಿ ಮುಂದಿಟ್ಟಾಗ, ಅದು ಯಾವ ಮೀಟರಿನಲ್ಲಿ ಅಳೆದದ್ದು, ಯಾವ ಫೀಡರಿಗೆ ಹೋಲಿಸಿದ್ದು, ಅದರ ಹಣದಲ್ಲಿ ಉಳಿಸಿದವರಿಗೆ ಎಷ್ಟು ಸಂದಿತು ಎಂದು ಕೇಳೋಣ, ಉತ್ತರವನ್ನು ಆದೇಶದಲ್ಲಿ ದಾಖಲಿಸಿ ಎಂದು ಒತ್ತಾಯಿಸೋಣ.